2ನ್ನು ನಂಬದ ಪ್ರೋಗ್ರಾಂ: 147573952589676412927ರ ಜಾತಕ ಬರೆಸಿದ ಕೆಲಸದ ಲಾಗ್

ಯಾವುದೇ ಪೂರ್ಣ ಸಂಖ್ಯೆ ಕೊಟ್ಟರೂ ಅದರ ಜಾತಕ ಬರೆದುಕೊಡುವ ಪುಟ್ಟ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಕಟ್ಟಿದ್ದರ ವಿವರ ಇದು. ಎಷ್ಟು ಅಂಕಿ, ಅಂಕಿಗಳ ಮೊತ್ತ ಎಷ್ಟು, ಅವಿಭಾಜ್ಯವೋ ಸಂಯುಕ್ತವೋ, ಸಂಯುಕ್ತವಾದರೆ ಅಪವರ್ತನಗಳು ಯಾವುವು, ಭಾಜಕಗಳ ಮೊತ್ತ, ಎಷ್ಟು ವರ್ಗಗಳನ್ನು ಕೂಡಿಸಿದರೆ ಅದು ಸಿಗುತ್ತದೆ, ದ್ವಿಮಾನದಲ್ಲಿ ಹೇಗೆ ಕಾಣುತ್ತದೆ ಎಂಬುದೆಲ್ಲ ಒಂದೇ ಪುಟದಲ್ಲಿ ಬರಬೇಕು. ಐದಾರು ಅಂಕಿಯ ಸಂಖ್ಯೆಗಾದರೆ ಇದರಲ್ಲಿ ಏನೂ ಸ್ವಾರಸ್ಯವಿಲ್ಲ. 2ರಿಂದ ಶುರುಮಾಡಿ ಭಾಗಿಸುತ್ತ ಹೋದರೆ ಮುಗಿಯಿತು. ಇಪ್ಪತ್ತು ಅಂಕಿ ದಾಟಿದ ಮೇಲೆ ಒಂದೊಂದು ಸಾಲಿಗೂ ಬೇರೆ ಬೇರೆ ಯಂತ್ರ ಬೇಕಾಗುತ್ತದೆ.

ಪರೀಕ್ಷೆಗೆ ಇಟ್ಟುಕೊಂಡ ಸಂಖ್ಯೆ 2⁶⁷ − 1. ಬಿಡಿಸಿ ಬರೆದರೆ 147573952589676412927. ಬಾಯಲ್ಲಿ ಹೇಳಬೇಕೆಂದರೆ ಸುಮಾರು ಹದಿನಾಲ್ಕು ಮುಕ್ಕಾಲು ಲಕ್ಷ ಕೋಟಿ ಕೋಟಿ. ಸುಮ್ಮನೆ ಇಪ್ಪತ್ತೊಂದು ಅಂಕಿ ಒತ್ತಿ ಪರೀಕ್ಷಿಸಬಹುದಿತ್ತು, ಆದರೆ ಹಾಗೆ ಆರಿಸಿದ ಸಂಖ್ಯೆಗೆ ಸಾಮಾನ್ಯವಾಗಿ 3, 7, 11ರಂಥ ಸಣ್ಣ ಅಪವರ್ತನಗಳು ಇದ್ದೇ ಇರುತ್ತವೆ, ಪ್ರೋಗ್ರಾಂ ಬೆವರದೆ ಪಾಸಾಗಿಬಿಡುತ್ತದೆ. ಈ ಸಂಖ್ಯೆ ಹಾಗಲ್ಲ. ಇದು ಪ್ರೋಗ್ರಾಮಿನ ಹೆಚ್ಚುಕಡಿಮೆ ಪ್ರತಿ ಭಾಗವನ್ನೂ ಒಂದೊಂದು ರೀತಿ ಕೆಣಕುತ್ತದೆ ಎಂದು ಗೊತ್ತಿದ್ದೇ ತೆಗೆದುಕೊಂಡದ್ದು.

ಇದಕ್ಕೊಂದು ಚರಿತ್ರೆಯೂ ಇದೆ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರಾಂ ಮರ್ಸೆನ್ ಒಂದು ಪಟ್ಟಿ ಕೊಟ್ಟ: 2ರ ಘಾತಾಂಕ 2, 3, 5, 7, 13, 17, 19, 31, 67, 127, 257 ಆದಾಗ, ಒಂದು ಕಳೆದರೆ ಅವಿಭಾಜ್ಯ ಸಿಗುತ್ತದೆ, 257ರವರೆಗೆ ಬೇರೆ ಯಾವುದಕ್ಕೂ ಸಿಗುವುದಿಲ್ಲ ಎಂದು. ಪಟ್ಟಿಯಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿವೆ. 1876ರಲ್ಲಿ ಎದುವಾರ್ ಲ್ಯೂಕಾ 2⁶⁷ − 1 ಅವಿಭಾಜ್ಯವಲ್ಲ ಎಂದು ತೋರಿಸಿದ, ಆದರೆ ಅದನ್ನು ಒಡೆದು ತೋರಿಸಲಿಲ್ಲ. ಒಡೆದದ್ದು 1903ರ ಅಕ್ಟೋಬರ್ 31ರಂದು, ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ, ಫ್ರಾಂಕ್ ನೆಲ್ಸನ್ ಕೋಲ್. ಬಾಯಿ ಬಿಡದೆ ಬೋರ್ಡಿನ ಒಂದು ಬದಿಯಲ್ಲಿ 2⁶⁷ − 1 ಬಿಡಿಸಿ ಬರೆದು, ಇನ್ನೊಂದು ಬದಿಯಲ್ಲಿ ಎರಡು ಸಂಖ್ಯೆ ಗುಣಿಸಿ, ಎರಡೂ ತಾಳೆಯಾದ ಮೇಲೆ ಹೋಗಿ ಕೂತ ಎಂದು ಕಥೆ. ಮೂರು ವರ್ಷದ ಭಾನುವಾರಗಳು ಹಿಡಿದವು ಎಂಬ ಮಾತೂ ಅದೇ ಕಥೆಯ ಬಾಲ. ಎಷ್ಟು ನಿಜವೋ, ಗುಣಾಕಾರವಂತೂ ಸರಿಯಾಗಿದೆ.

ಮೊದಲು ಸಂಖ್ಯೆ ಹಿಡಿಸುವ ಜಾಗ

ಮೊದಲ ತೊಂದರೆ ಗಣಿತದ್ದಲ್ಲ, ಜಾಗದ್ದು. ಸಂಖ್ಯೆಗೆ 67 ಬಿಟ್ ಬೇಕು, ಎಲ್ಲವೂ 1. ಸಾಮಾನ್ಯ 64 ಬಿಟ್ ಪೂರ್ಣಾಂಕದಲ್ಲಿ ಇದು ಹಿಡಿಯುವುದಿಲ್ಲ. ಸಿ ಭಾಷೆಯಲ್ಲಿ ಒತ್ತಾಯವಾಗಿ ತುರುಕಿದರೆ ಮೇಲಿನ ಮೂರು ಬಿಟ್ ಉದುರಿ ಅರವತ್ತನಾಲ್ಕು 1ಗಳು ಉಳಿಯುತ್ತವೆ; ಚಿಹ್ನೆಸಹಿತ ಪೂರ್ಣಾಂಕವಾಗಿ ಓದಿದರೆ ಅದು −1. ಅಂದರೆ ಕೋಲ್ ಬೋರ್ಡಿನ ಮೇಲೆ ಮಾಡಿದ ಆ ದೊಡ್ಡ ಗುಣಾಕಾರವನ್ನು ಮಿಕ್ಕಿದ ಬಿಟ್ ಬಿಸಾಡುವ 64 ಬಿಟ್ ಲೆಕ್ಕದಲ್ಲಿ ಮಾಡಿದರೆ ಉತ್ತರ −1 ಬರುತ್ತದೆ! ಮೂರು ವರ್ಷದ ಭಾನುವಾರಗಳಿಗೆ ಇಂಥ ಫಲ ಬಂದಿದ್ದರೆ ಕೋಲ್ ಏನೆನ್ನುತ್ತಿದ್ದನೋ.

128 ಬಿಟ್ ಇದ್ದರೆ ಸಾಕಲ್ಲ ಎನ್ನಬಹುದು. ಸಂಖ್ಯೆ ಇಡಲು ಸಾಕು, ಲೆಕ್ಕಕ್ಕೆ ಸಾಲದು. ಮುಂದೆ ಬರುವ ಪರೀಕ್ಷೆಗಳಲ್ಲೆಲ್ಲ ಎರಡು 67 ಬಿಟ್ ಸಂಖ್ಯೆಗಳನ್ನು ಗುಣಿಸಿ ಶೇಷ ತೆಗೆಯಬೇಕು, ಗುಣಲಬ್ಧ 134 ಬಿಟ್‌ವರೆಗೆ ಹೋಗುತ್ತದೆ. ಪೈಥಾನ್ ಆರಿಸಿದ್ದು ಇದಕ್ಕೇ. ಅದರ ಪೂರ್ಣಾಂಕ ಎಷ್ಟು ಬೇಕಾದರೂ ಬೆಳೆಯುತ್ತದೆ, ನಾವು ಬಿಟ್ ಎಣಿಸುತ್ತ ಕೂರಬೇಕಿಲ್ಲ.

ಹಾಗೆಂದು ಪೈಥಾನ್‌ನಲ್ಲೂ ಒಂದು ಕಡೆ ಕಾವಲು ಹಾಕಲೇಬೇಕು: ದಶಮಾಂಶದ ಫ್ಲೋಟ್ ಎಲ್ಲೂ ನುಸುಳಬಾರದು. ಫ್ಲೋಟ್‌ಗೆ 53 ಬಿಟ್ ನಿಖರತೆ ಮಾತ್ರ. ನಮ್ಮ ಸಂಖ್ಯೆಯ ನೆರೆಯಲ್ಲಿ ಪಕ್ಕಪಕ್ಕದ ಎರಡು ಫ್ಲೋಟ್‌ಗಳ ನಡುವೆ 16384ರ ಅಂತರವಿದೆ. ಆದ್ದರಿಂದ ಸಂಖ್ಯೆಯನ್ನು ಫ್ಲೋಟ್ ಮಾಡಿ ಮತ್ತೆ ಪೂರ್ಣಾಂಕಕ್ಕೆ ತಂದರೆ ಕೊನೆಯ ಅಂಕಿ 7 ಹೋಗಿ 8 ಆಗುತ್ತದೆ, ಬೆಸ ಸಂಖ್ಯೆ ಸಮವಾಗಿಬಿಡುತ್ತದೆ. ಹದಿನೈದೇ ಅಂಕಿ ನೆನಪಿಡುವ ಸ್ಪ್ರೆಡ್‌ಶೀಟ್‌ನಲ್ಲಿ ಒತ್ತಿದರಂತೂ 147573952589676ರ ಮುಂದೆ ಆರು ಸೊನ್ನೆ ಕಾಣುತ್ತವೆ.

ಇದು ಹೆಚ್ಚು ಕಾಡುವುದು ವರ್ಗಮೂಲದಲ್ಲಿ. ಫ್ಲೋಟ್ ವರ್ಗಮೂಲಕ್ಕೆ 2⁶⁶ − 1 ಕೊಟ್ಟರೆ 8589934592 ಎನ್ನುತ್ತದೆ. ನಿಜವಾದ ಪೂರ್ಣಾಂಕ ವರ್ಗಮೂಲ 8589934591. ಒಂದೇ ಒಂದರ ವ್ಯತ್ಯಾಸ, ಆದರೆ ಪೂರ್ಣ ವರ್ಗವೇ ಎಂದು ನೋಡುವ ಕಡೆ ಉತ್ತರ ಬುಡಮೇಲಾಗಲು ಅಷ್ಟು ಸಾಕು. ಹಾಗಾಗಿ ಮ್ಯಾಥ್ ಮಾಡ್ಯೂಲಿನಲ್ಲಿರುವ ಪೂರ್ಣಾಂಕ ವರ್ಗಮೂಲದ ಫಂಕ್ಷನ್ ಮಾತ್ರ ಬಳಸಿದ್ದು. ಭಾಗಾಕಾರಕ್ಕೂ ಫ್ಲೋಟ್ ಕೊಡುವ ಒಂಟಿ ಓರೆಗೆರೆ ನಿಷಿದ್ಧ, ಪೂರ್ಣಾಂಕ ಕೊಡುವ ಜೋಡಿ ಓರೆಗೆರೆಯೇ ಬೇಕು.

ಅಂಕಿಗಳ ವಿಭಾಗ ಬೇಗ ಮುಗಿಯಿತು. 21 ಅಂಕಿ, ಮೊತ್ತ 109, ಕೂಡುತ್ತ ಹೋದರೆ ಕೊನೆಗೆ 1. 9ರಿಂದ ಭಾಗಿಸಿದರೆ ಶೇಷ 1, 11ರಿಂದ ಭಾಗಿಸಿದರೆ 6. ಹೆಕ್ಸಾಡೆಸಿಮಲ್‌ನಲ್ಲಿ 7ರ ಮುಂದೆ ಹದಿನಾರು ಎಫ್, ಆಕ್ಟಲ್‌ನಲ್ಲಿ 1ರ ಮುಂದೆ ಇಪ್ಪತ್ತೆರಡು 7.

2 ಹೇಳುವ ಸುಳ್ಳು

ಅಸಲಿ ಕೆಲಸ ಇಲ್ಲಿಂದ. ಅವಿಭಾಜ್ಯವೇ ಅಲ್ಲವೇ ಎಂದು ತಿಳಿಯಲು ಅಪವರ್ತನ ಹುಡುಕಲೇಬೇಕೆಂದಿಲ್ಲ. ಫರ್ಮಾನ ಚಿಕ್ಕ ಪ್ರಮೇಯದ ಪ್ರಕಾರ, ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದರಿಂದ ಭಾಗವಾಗದ ಯಾವ ಆಧಾರ ತೆಗೆದುಕೊಂಡರೂ, ಅದನ್ನು 'ಸಂಖ್ಯೆ − 1' ಘಾತಕ್ಕೆ ಏರಿಸಿ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರಬೇಕು. ಬರದಿದ್ದರೆ ಸಂಯುಕ್ತ ಎಂದು ಖಚಿತ. ಬಂದರೆ? ಬಹುಶಃ ಅವಿಭಾಜ್ಯ. ಪೈಥಾನ್‌ನ ಘಾತ ಲೆಕ್ಕಹಾಕುವ ಪೌ ಫಂಕ್ಷನ್‌ಗೆ ಮೂರನೇ ಆರ್ಗ್ಯುಮೆಂಟ್ ಕೊಟ್ಟರೆ ಇದು ಒಂದು ಸಾಲಿನ ಕೆಲಸ.

ಆಧಾರವಾಗಿ ಎಲ್ಲರೂ ಮೊದಲು ಹಿಡಿಯುವುದು 2ನ್ನು. ಚಿಕ್ಕದು, ಗುಣಾಕಾರ ಹಗುರ. ಹಾಗೆ ಕೊಟ್ಟು ನೋಡಿದರೆ ಪ್ರೋಗ್ರಾಂ ಶೇಷ 1 ಎಂದು ತೋರಿಸುತ್ತದೆ. ಮರ್ಸೆನ್ ಸಂತೋಷಪಡುವ ಉತ್ತರ.

ಫರ್ಮಾ ಪರೀಕ್ಷೆಯ ಬಿಗಿ ರೂಪ ಮಿಲ್ಲರ್–ರಾಬಿನ್. ಇಲ್ಲಿ 'ಸಂಖ್ಯೆ − 1'ರಿಂದ 2ಗಳನ್ನೆಲ್ಲ ಹೊರತೆಗೆದು, ಉಳಿದ ಬೆಸ ಭಾಗದ ಘಾತದಿಂದ ಶುರುಮಾಡಿ, ದಾರಿಯಲ್ಲಿ 1 ಅಥವಾ −1 ಸರಿಯಾದ ಕ್ರಮದಲ್ಲಿ ಬರುತ್ತದೆಯೇ ನೋಡಬೇಕು. ಫರ್ಮಾ ಪರೀಕ್ಷೆಗೆ ಮೋಸಮಾಡುವ ಬಹಳ ಸಂಖ್ಯೆಗಳು ಇಲ್ಲಿ ಸಿಕ್ಕಿಬೀಳುತ್ತವೆ. ಆಧಾರ 2 ಇಟ್ಟುಕೊಂಡೇ ಇದನ್ನೂ ಓಡಿಸಿದೆ. ಮತ್ತೆ ಪಾಸು, ಅದೂ ಮೊದಲ ಹೆಜ್ಜೆಯಲ್ಲೇ.

ಕಾರಣ ಕಾಗದದ ಮೇಲೆ ಎರಡೇ ಸಾಲು. 2⁶⁷ನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ 1, ಏಕೆಂದರೆ ಸಂಖ್ಯೆಯೇ ಅದಕ್ಕಿಂತ ಒಂದು ಕಡಿಮೆ. ಹಾಗಾಗಿ 67ರ ಯಾವುದೇ ಗುಣಕವನ್ನು 2ರ ಘಾತಾಂಕವಾಗಿಟ್ಟರೂ ಶೇಷ 1. ಇನ್ನು 'ಸಂಖ್ಯೆ − 1' ಎಂದರೆ 2 × (2⁶⁶ − 1). 67 ಅವಿಭಾಜ್ಯ, ಆದ್ದರಿಂದ ಅದೇ ಫರ್ಮಾನ ಪ್ರಮೇಯದಂತೆ 2⁶⁶ − 1 ಎಂಬುದು 67ರಿಂದ ಭಾಗವಾಗುತ್ತದೆ. ಅಂದರೆ ಪರೀಕ್ಷೆ ಕೇಳುವ ಘಾತ ತಾನಾಗಿಯೇ 67ರ ಗುಣಕ. 2ಕ್ಕೆ ಈ ಸಂಖ್ಯೆಯ ಒಳಗು ಕಾಣುವುದೇ ಇಲ್ಲ. ಸಂಖ್ಯೆ ಅವಿಭಾಜ್ಯವಿದ್ದರೂ ಅದು 1 ಎನ್ನುತ್ತಿತ್ತು, ಇಲ್ಲದಿದ್ದರೂ 1 ಎನ್ನುತ್ತದೆ. ಮರ್ಸೆನ್ ರೂಪದ, ಅಂದರೆ 2ರ ಘಾತದಿಂದ 1 ಕಳೆದು ಬರುವ ಸಂಖ್ಯೆಗಳಲ್ಲಿ, ಘಾತಾಂಕ ಬೆಸ ಅವಿಭಾಜ್ಯವಾಗಿರುವ ಎಲ್ಲದರ ಕಥೆಯೂ ಇದೇ. 2ನ್ನು ಆಧಾರವಾಗಿಟ್ಟ ಮಿಲ್ಲರ್–ರಾಬಿನ್ ಪರೀಕ್ಷೆಯನ್ನು ದಾಟಿಬಿಡುವ ಅತಿ ಚಿಕ್ಕ ಸಂಯುಕ್ತ ಸಂಖ್ಯೆ 2047. ಅದು 2¹¹ − 1, ಅಂದರೆ 23 × 89. ಅದೂ ಇದೇ ಮನೆತನದ್ದು.

ಹಾಗಾದರೆ ಇಂಥ ಸುಳ್ಳು ಹೇಳುವ ಆಧಾರಗಳು ಎಷ್ಟಿವೆ? ಅಪವರ್ತನ ಸಿಕ್ಕ ಮೇಲೆ ಇದನ್ನು ಎಣಿಸಬಹುದು, ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಫರ್ಮಾ ಪರೀಕ್ಷೆಯಲ್ಲಿ ಸುಳ್ಳು ಹೇಳುವ ಆಧಾರಗಳು 1206 × 1206, ಅಂದರೆ 14,54,436. ಮಿಲ್ಲರ್–ರಾಬಿನ್‌ನಲ್ಲಿ ಅದರ ಸರಿಯಾಗಿ ಅರ್ಧ, 7,27,218. ಹದಿನಾಲ್ಕು ಮುಕ್ಕಾಲು ಲಕ್ಷ ಕೋಟಿ ಕೋಟಿ ಆಧಾರಗಳಲ್ಲಿ ಇಷ್ಟೇ. ಕಣ್ಣುಮುಚ್ಚಿ ಒಂದು ಆಧಾರ ಆರಿಸಿದರೆ ಮೋಸಹೋಗುವ ಸಂಭವ ಸುಮಾರು ಎರಡು ಕೋಟಿ ಕೋಟಿಗೆ ಒಂದು. ಅಷ್ಟು ವಿರಳವಾದ ಸುಳ್ಳುಗಾರರಲ್ಲಿ ಒಬ್ಬ, ನಾವು ಮೊದಲು ಕೈಹಾಕುವ 2!

ಆದ್ದರಿಂದ ಪ್ರೋಗ್ರಾಮಿನಲ್ಲಿ 2, 3, 5, 7, 11, 13, 17, 19, 23, 29, 31, 37 ಈ ಹನ್ನೆರಡು ಆಧಾರಗಳನ್ನೂ ಇಟ್ಟೆ. 318665857834031151167461ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಈ ಹನ್ನೆರಡು ಸೇರಿ ತಪ್ಪು ತೀರ್ಪು ಕೊಡುವುದಿಲ್ಲ ಎಂದು ಸಾಬೀತಾಗಿದೆ, ಹಾಗಾಗಿ ನಮ್ಮ 21 ಅಂಕಿಗೆ 'ಬಹುಶಃ' ಎಂಬ ಮಾತೇ ಬೇಡ. 3 ಬಂದ ಕೂಡಲೇ ಸಂಯುಕ್ತ ಎಂದು ತೀರ್ಪಾಯಿತು. ಆ ಮಿತಿಗಿಂತ ದೊಡ್ಡ ಸಂಖ್ಯೆ ಬಂದರೆ ಯಾದೃಚ್ಛಿಕ ಆಧಾರಗಳನ್ನು ಸೇರಿಸುವಂತೆ ಬರೆದಿದ್ದೇನೆ. 2002ರಲ್ಲಿ ಅಗ್ರವಾಲ್, ಕಯಾಲ್, ಸಕ್ಸೇನಾ ಕೊಟ್ಟ ಖಚಿತ ಪರೀಕ್ಷೆ ಸಿದ್ಧಾಂತದಲ್ಲಿ ಬಹು ದೊಡ್ಡದು, ಆದರೆ ಇಂಥ ದಿನಬಳಕೆಯ ಪ್ರೋಗ್ರಾಮಿಗೆ ನಿಧಾನ, ಅದನ್ನು ಮುಟ್ಟಲಿಲ್ಲ.

ಮರ್ಸೆನ್ ರೂಪದ ಸಂಖ್ಯೆ ಎಂದು ಗೊತ್ತಾದರೆ ಮಾತ್ರ ಓಡುವ ಇನ್ನೊಂದು ತುಂಡು ಕೋಡ್ ಇದೆ: ಲ್ಯೂಕಾ–ಲೆಹ್ಮರ್ ಪರೀಕ್ಷೆ. 4ರಿಂದ ಶುರು, ವರ್ಗ ಮಾಡಿ 2 ಕಳೆ, ಶೇಷ ತೆಗೆ. 67ಕ್ಕೆ ಇದನ್ನು 65 ಸಲ ಮಾಡಬೇಕು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. ಸೊನ್ನೆ ಬರಲಿಲ್ಲ. 1876ರಲ್ಲಿ ನಿಂತ ಜಾಗಕ್ಕೆ ಪ್ರೋಗ್ರಾಮೂ ಬಂದು ನಿಂತಿತು: ಒಡೆಯುತ್ತದೆ ಎಂದು ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ.

ಒಡೆಯುವುದು

ಸಂಖ್ಯೆಯ ವರ್ಗಮೂಲ ಸುಮಾರು 1,215 ಕೋಟಿ. ಅಷ್ಟರವರೆಗೆ ಒಂದೊಂದಾಗಿ ಭಾಗಿಸುವ ಯೋಚನೆ ಪೈಥಾನ್‌ಗಂತೂ ಬೇಡ. ಆದರೆ 2ನ್ನು ಕುರುಡು ಮಾಡಿದ ಅದೇ ಗುಣ ಇಲ್ಲಿ ಬೆಳಕು ಕೊಡುತ್ತದೆ.

ಒಂದು ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ ಅದರ ಲೆಕ್ಕದಲ್ಲೂ, ಅಂದರೆ ಅದರಿಂದ ಭಾಗಿಸಿದಾಗಲೂ, 2⁶⁷ರ ಶೇಷ 1. ಹೀಗೆ ಶೇಷ 1 ಕೊಡುವ ಅತಿ ಚಿಕ್ಕ ಘಾತಾಂಕ 67ನ್ನು ಭಾಗಿಸಬೇಕು. 67 ಅವಿಭಾಜ್ಯ, ಘಾತಾಂಕ 1 ಆಗಲು ಸಾಧ್ಯವಿಲ್ಲ, ಆದ್ದರಿಂದ ಅದು 67 ತಾನೇ. ಫರ್ಮಾನ ಪ್ರಮೇಯ ಸೇರಿಸಿದರೆ, ಆ ಅವಿಭಾಜ್ಯದಿಂದ ಒಂದು ಕಳೆದದ್ದು 67ರ ಗುಣಕ. ಬೆಸ ಸಂಖ್ಯೆಯಾದ್ದರಿಂದ 134ರ ಗುಣಕವೂ ಹೌದು. ಹಾಗಾಗಿ ಅಪವರ್ತನದ ರೂಪ 134 × ಕ + 1 ಮಾತ್ರ. ಇನ್ನೂ ಒಂದು ಹೆಜ್ಜೆ: 2⁶⁷ರ ಶೇಷ 1 ಎಂದರೆ 2⁶⁸ರ ಶೇಷ 2. 2⁶⁸ ಎಂಬುದು 2³⁴ರ ವರ್ಗ. ಅಂದರೆ ಆ ಅವಿಭಾಜ್ಯದ ಲೆಕ್ಕದಲ್ಲಿ 2 ಒಂದು ವರ್ಗ. ಹಾಗಾಗುವುದು 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಬರುವ ಅವಿಭಾಜ್ಯಗಳಿಗೆ ಮಾತ್ರ. ಇದರಿಂದ ಕ ಎಂಬುದು 4ರ ಗುಣಕವಾಗಿರಬೇಕು, ಇಲ್ಲವೇ ಅದನ್ನು 4ರಿಂದ ಭಾಗಿಸಿದರೆ ಶೇಷ 1 ಬರಬೇಕು. ಕೋಡ್‌ನಲ್ಲಿ ಈ 0, 1 ಜೋಡಿಯನ್ನು ನೇರ ಬರೆದುಬಿಡಬಾರದು. ಘಾತಾಂಕವನ್ನು 4ರಿಂದ ಭಾಗಿಸಿದಾಗ ಶೇಷ 3 ಇದ್ದರೆ ಮಾತ್ರ ಅದು ಸರಿ, ಶೇಷ 1 ಇದ್ದರೆ ಜೋಡಿ 0, 3 ಆಗುತ್ತದೆ.

ಲಾಭ ಎಷ್ಟು ನೋಡಿ. ಬೆಸ ಸಂಖ್ಯೆಗಳನ್ನೆಲ್ಲ ಪರೀಕ್ಷಿಸುತ್ತ ಹೋದರೆ ಮೊದಲ ಅಪವರ್ತನ ಸಿಗುವವರೆಗೆ ಒಂಬತ್ತೂವರೆ ಕೋಟಿಗೂ ಮೀರಿದ ಭಾಗಾಕಾರ. ಈ ಸೋಸುವಿಕೆಯ ನಂತರ ಉಳಿಯುವುದು 7,22,790. ಪೈಥಾನ್‌ಗೆ ಒಂದೆರಡು ಸೆಕೆಂಡಿನ ಮಾತು. ಕ = 1445580 ಆದಾಗ ಸಿಕ್ಕಿತು:

147573952589676412927 = 193707721 × 761838257287

ಎರಡೂ ಮಿಲ್ಲರ್–ರಾಬಿನ್‌ನಲ್ಲಿ ಅವಿಭಾಜ್ಯ. ದೊಡ್ಡದರ ಕ 5685360129, 4ರಿಂದ ಭಾಗಿಸಿದರೆ ಶೇಷ 1, ನಿಯಮಕ್ಕೆ ಸರಿಹೊಂದಿತು. ಕೈಯಲ್ಲಿ ತಾಳೆ ನೋಡಬೇಕೆಂದವರಿಗೆ: ಚಿಕ್ಕದರ ಅಂಕಿಮೊತ್ತ 37, ದೊಡ್ಡದರದು 64, ಎರಡೂ 9ರ ಲೆಕ್ಕದಲ್ಲಿ 1, ಗುಣಲಬ್ಧವೂ 1. 11ರ ಲೆಕ್ಕದಲ್ಲಿ 9 ಮತ್ತು 8. ಗುಣಿಸಿದರೆ 72, ಶೇಷ 6. ಮೇಲೆ ಅಂಕಿಗಳಿಂದ ಬಂದದ್ದೂ 6.

ಆದರೆ ಈ ದಾರಿ ಮರ್ಸೆನ್ ರೂಪಕ್ಕಷ್ಟೇ. ಜಾತಕದ ಪ್ರೋಗ್ರಾಂ ಯಾವ ಸಂಖ್ಯೆ ಕೊಟ್ಟರೂ ನಡೆಯಬೇಕಲ್ಲ, ಅದಕ್ಕೆ ಸಾಮಾನ್ಯ ವಿಧಾನಗಳನ್ನೂ ಕೂಡಿಸಬೇಕಾಯಿತು. ಜಾನ್ ಪೊಲಾರ್ಡ್ 1975ರಲ್ಲಿ ಕೊಟ್ಟ ರೋ ವಿಧಾನ ಮೊದಲನೆಯದು: ಒಂದು ಸಂಖ್ಯೆಯಿಂದ ಶುರುಮಾಡಿ ವರ್ಗ ಮಾಡಿ 1 ಕೂಡಿಸಿ ಶೇಷ ತೆಗೆಯುತ್ತ ಹೋಗುವುದು, ಈ ಸರಣಿಯಲ್ಲಿ ಒಬ್ಬ ಒಂದೊಂದು ಹೆಜ್ಜೆ, ಇನ್ನೊಬ್ಬ ಎರಡೆರಡು ಹೆಜ್ಜೆ, ಇಬ್ಬರ ಅಂತರಕ್ಕೂ ಸಂಖ್ಯೆಗೂ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆಯುವುದು. ಬೇಕಾಗುವ ಹೆಜ್ಜೆಗಳು ಚಿಕ್ಕ ಅಪವರ್ತನದ ವರ್ಗಮೂಲದ ಆಸುಪಾಸು, ಇಲ್ಲಿ 13,918ರ ಲೆಕ್ಕ. ಮ.ಸಾ.ಅ.ವನ್ನು ಪ್ರತಿ ಹೆಜ್ಜೆಗೂ ತೆಗೆಯದೆ ನೂರು ಅಂತರಗಳನ್ನು ಗುಣಿಸಿ ಒಮ್ಮೆ ತೆಗೆದರೆ ಓಟ ಇನ್ನೂ ಹಗುರ. 1 ಕೂಡಿಸುವ ಬದಲು 2 ಕಳೆಯುವ ಸೂತ್ರ ಮಾತ್ರ ಬೇಡ. ಅದು ಲ್ಯೂಕಾ–ಲೆಹ್ಮರ್ ಸರಣಿಯೇ, ಅದರ ನಡಿಗೆಗೆ ತನ್ನದೇ ಆದ ಕ್ರಮವಿದೆ, ಯಾದೃಚ್ಛಿಕವಾಗಿ ಅಲೆಯುವುದಿಲ್ಲ. ಅಪವರ್ತನದ ರೂಪ ಗೊತ್ತಿರುವುದರಿಂದ ವರ್ಗದ ಬದಲು 134ನೇ ಘಾತ ಬಳಸಿದರೆ ಹೆಜ್ಜೆಗಳು ಸುಮಾರು ಹನ್ನೊಂದರಲ್ಲಿ ಒಂದಕ್ಕೆ ಇಳಿಯುತ್ತವೆ, ಆದರೆ ಒಂದೊಂದು ಹೆಜ್ಜೆಗೂ ಒಂಬತ್ತು ಗುಣಾಕಾರ. ಉಳಿತಾಯ ಅಷ್ಟಕ್ಕಷ್ಟೆ, ಬಿಟ್ಟೆ.

ಘಾತದ ಮಿತಿ ಎಲ್ಲಿಡಬೇಕು

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಪೊಲಾರ್ಡ್‌ನದೇ ಇನ್ನೊಂದು ವಿಧಾನ, 1974ರದ್ದು. ಯಾವುದೋ ಅಪವರ್ತನದಿಂದ ಒಂದು ಕಳೆದರೆ ಉಳಿಯುವ ಸಂಖ್ಯೆ ಸಣ್ಣ ಸಣ್ಣ ಅವಿಭಾಜ್ಯಗಳಾಗಿ ಒಡೆಯುತ್ತದೆ ಎಂಬ ಆಸೆಯ ಮೇಲೆ ನಿಂತದ್ದು ಅದು. ಒಂದು ಮಿತಿ ಇಟ್ಟುಕೊಂಡು, ಅದರೊಳಗಿನ ಅವಿಭಾಜ್ಯಗಳನ್ನೆಲ್ಲ, ಮಿತಿ ದಾಟದ ಅವುಗಳ ಘಾತಗಳ ಸಮೇತ, ಆಧಾರದ ಘಾತಾಂಕಕ್ಕೆ ಗುಣಿಸುತ್ತ ಹೋಗಬೇಕು. ಬಂದ ಶೇಷದಿಂದ 1 ಕಳೆದು, ಸಂಖ್ಯೆಯೊಂದಿಗೆ ಮ.ಸಾ.ಅ. ತೆಗೆದರೆ ಅಪವರ್ತನ ಈಚೆ ಬೀಳುತ್ತದೆ.

ನಮ್ಮ ಎರಡು ಅಪವರ್ತನಗಳಿಂದ ಒಂದೊಂದು ಕಳೆದರೆ:

193707720 = 2³ × 3³ × 5 × 67 × 2677
761838257286 = 2 × 3² × 29 × 67 × 2551 × 8539

ಒಂಬತ್ತು ಅಂಕಿಯ ಚಿಕ್ಕದನ್ನು ಹಿಡಿಯಲು 2677ರವರೆಗೆ ಹೋದರೆ ಸಾಕು, ಅಂದರೆ ಸುಮಾರು ನಾನೂರು ಅವಿಭಾಜ್ಯಗಳು. ಮಿತಿ 3000 ಇಟ್ಟು ಆಧಾರ 3 ಕೊಟ್ಟರೆ 193707721 ತಟ್ಟನೆ ಸಿಗುತ್ತದೆ. ಕೋಲ್‌ಗೆ ಈ ವಿಧಾನ ಗೊತ್ತಿದ್ದಿದ್ದರೆ ಎಷ್ಟು ಭಾನುವಾರ ಉಳಿಯುತ್ತಿದ್ದವೋ.

ಮಿತಿ ಹೆಚ್ಚಿದಷ್ಟೂ ಒಳ್ಳೆಯದು ಎಂದು ತೋರುತ್ತದೆ. 10,000 ಇಟ್ಟು, ಮ.ಸಾ.ಅ.ವನ್ನು ಕೊನೆಗೊಮ್ಮೆ ಮಾತ್ರ ತೆಗೆದು ನೋಡಿ: ಉತ್ತರ 147573952589676412927. ಸಂಖ್ಯೆಯೇ ವಾಪಸ್! 2551 ಮತ್ತು 8539 ಎರಡೂ ಹತ್ತು ಸಾವಿರದೊಳಗಿವೆ, ಹಾಗಾಗಿ ಎರಡೂ ಅಪವರ್ತನಗಳು ಒಟ್ಟಿಗೆ ಬಲೆಗೆ ಬೀಳುತ್ತವೆ, ಬಿಡಿಸಲಾಗುವುದಿಲ್ಲ. ಮದ್ದು ಎಂದರೆ, ಪ್ರತಿ ಅವಿಭಾಜ್ಯ ಸೇರಿಸಿದ ಮೇಲೆ, ಅಥವಾ ಒಂದಿಷ್ಟು ಗುಂಪಿಗೊಮ್ಮೆ, ಮ.ಸಾ.ಅ. ನೋಡುವುದು, ಸಂಖ್ಯೆಯೇ ವಾಪಸ್ ಬಂದರೆ ಹಿಂದಿನ ಗುಂಪಿಗೆ ಹೋಗಿ ಒಂದೊಂದಾಗಿ ನಡೆಯುವುದು. ಹಾಗೆ ಮಾಡಿದಾಗ 2677 ದಾಟುವಷ್ಟರಲ್ಲಿ ಚಿಕ್ಕದು ಪ್ರತ್ಯೇಕವಾಗಿ ಸಿಗುತ್ತದೆ, 8539 ಇನ್ನೂ ದೂರ.

ಆಧಾರ 2 ಇಟ್ಟರೆ ಈ ಮದ್ದೂ ನಾಟುವುದಿಲ್ಲ. 61ರವರೆಗೆ ಮ.ಸಾ.ಅ. 1, 67 ಸೇರಿದ ಕೂಡಲೇ ಪೂರ್ತಿ ಸಂಖ್ಯೆ. ನಡುವೆ ಏನೂ ಇಲ್ಲ. ಕಾರಣ ಹಳೆಯದೇ: ಎರಡೂ ಅಪವರ್ತನಗಳ ಲೆಕ್ಕದಲ್ಲಿ 2ಕ್ಕೆ ಶೇಷ 1 ಕೊಡುವ ಅತಿ ಚಿಕ್ಕ ಘಾತಾಂಕ 67, ಎರಡೂ ಒಂದೇ ಕ್ಷಣಕ್ಕೆ ಬೀಳುತ್ತವೆ. ಎಷ್ಟೇ ನಿಧಾನವಾಗಿ ನಡೆದರೂ ಅವುಗಳ ನಡುವೆ ಕಾಲಿಡಲು ಜಾಗವಿಲ್ಲ. ಈ ವಿಧಾನ ವಿವರಿಸುವ ಉದಾಹರಣೆಗಳಲ್ಲಿ ಆಧಾರವಾಗಿ 2 ಕಾಣುವುದು ಸಾಮಾನ್ಯ. ನನ್ನ ಪ್ರೋಗ್ರಾಮಿನಲ್ಲಿ ಅದು 3, ಸಂಖ್ಯೆಯೇ ವಾಪಸ್ ಬಂದು ಒಂದೊಂದು ಹೆಜ್ಜೆಯಲ್ಲೂ ಬಿಡಿಸಲಾಗದಿದ್ದರೆ ತಾನಾಗಿ 5ಕ್ಕೆ ಹೋಗುತ್ತದೆ.

ಫರ್ಮಾ ತಾನೇ ಬಳಸುತ್ತಿದ್ದ ವರ್ಗಗಳ ವ್ಯತ್ಯಾಸದ ವಿಧಾನವನ್ನೂ ಹಾಕಿ ನೋಡಿದೆ. ನಮ್ಮ ಸಂಖ್ಯೆ 381015982504ರ ವರ್ಗದಿಂದ 380822274783ರ ವರ್ಗ ಕಳೆದದ್ದಕ್ಕೆ ಸಮ. ವರ್ಗಮೂಲದಿಂದ ಹತ್ತುತ್ತ ಅಲ್ಲಿಗೆ ಮುಟ್ಟಲು 36,886 ಕೋಟಿ ಹೆಜ್ಜೆ ಬೇಕು. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಅದರ ಆಟ. ಪ್ರೋಗ್ರಾಮಿನಲ್ಲಿ ಅದಕ್ಕೆ ಒಂದು ಲಕ್ಷ ಹೆಜ್ಜೆಯ ಕಡಿವಾಣ ಹಾಕಿ ಉಳಿಸಿಕೊಂಡಿದ್ದೇನೆ.

ಜಾತಕದ ಪುಟ

ಅಪವರ್ತನ ಕೈಗೆ ಬಂದ ಮೇಲೆ ಉಳಿದದ್ದೆಲ್ಲ ಸೂತ್ರ. ಭಾಜಕಗಳು ನಾಲ್ಕು: 1, ಎರಡು ಅಪವರ್ತನ, ಸಂಖ್ಯೆ. ಅವುಗಳ ಮೊತ್ತ 147573953351708377936. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 762031965009. ಸಂಖ್ಯೆಯ ಮುಂದೆ ಏನೇನೂ ಅಲ್ಲ, ಆದ್ದರಿಂದ ನ್ಯೂನ ಸಂಖ್ಯೆ. ತನಗಿಂತ ಚಿಕ್ಕದಾಗಿದ್ದು ತನ್ನೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳ ಎಣಿಕೆ, ಅಂದರೆ ಆಯ್ಲರ್ ಎಣಿಕೆ, 147573951827644447920.

ಇಲ್ಲಿ ಒಂದು ಉಚಿತ ತಾಳೆ ಸಿಗುತ್ತದೆ. ಎರಡು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧಕ್ಕೆ ಭಾಜಕಗಳ ಮೊತ್ತ ಮತ್ತು ಆಯ್ಲರ್ ಎಣಿಕೆ ಕೂಡಿಸಿದರೆ ಸಂಖ್ಯೆಯ ಎರಡರಷ್ಟಕ್ಕೆ 2 ಸೇರಿದ್ದು ಬರಬೇಕು. ನಮ್ಮ ಸಂಖ್ಯೆಗೆ ಅದು ಸರಿಯಾಗಿ 2⁶⁸, ಅಂದರೆ 295147905179352825856. ಮೇಲಿನ ಎರಡನ್ನು ಕೂಡಿಸಿದಾಗ ಅದೇ ಬಂತು. ಇದನ್ನು ಪ್ರೋಗ್ರಾಮಿನ ಸ್ವಯಂಪರೀಕ್ಷೆಗಳ ಸಾಲಿಗೆ ಸೇರಿಸಿದೆ.

ಅಪವರ್ತನಗಳಿಂದ ಒಂದೊಂದು ಕಳೆದವುಗಳ ಮ.ಸಾ.ಅ. 1206. ಮೇಲೆ ಸುಳ್ಳುಗಾರರ ಲೆಕ್ಕದಲ್ಲಿ ಬಂದ 1206ರ ಬೇರು 'ಸಂಖ್ಯೆ − 1' ಮತ್ತು ಒಂದೊಂದು ಅಪವರ್ತನದಿಂದ ಒಂದು ಕಳೆದದ್ದರ ಮ.ಸಾ.ಅ.; ಮೂರೂ ಕಡೆ 2 × 9 × 67 ಎಂಬ ಒಂದೇ ತುಂಡು ಉಳಿಯುತ್ತದೆ. ಆಯ್ಲರ್ ಎಣಿಕೆಯನ್ನು 1206ರಿಂದ ಭಾಗಿಸಿದರೆ 122366460885277320. ಸಂಖ್ಯೆಯೊಂದಿಗೆ ಸಾಮಾನ್ಯ ಭಾಜಕವಿಲ್ಲದ ಯಾವ ಆಧಾರವನ್ನೇ ಆಗಲಿ ಇಷ್ಟು ಘಾತಕ್ಕೆ ಏರಿಸಿದರೆ ಶೇಷ 1 ಖಂಡಿತ. ಹೆಚ್ಚಿನವು ಹದಿನೆಂಟು ಅಂಕಿಯ ಈ ಎತ್ತರದ ಕಡೆಗೆ ಏದುಸಿರು ಬಿಡುತ್ತ ಹತ್ತಬೇಕು, 2 ಮಾತ್ರ 67ಕ್ಕೇ ಮುಟ್ಟಿ ಕೂತುಬಿಡುತ್ತದೆ. ಒಂದನ್ನು ಈ ಸಂಖ್ಯೆಯಿಂದ ದ್ವಿಮಾನದಲ್ಲಿ ಭಾಗಿಸಿದರೂ ಅದೇ: 66 ಸೊನ್ನೆ, ಒಂದು 1, ಮತ್ತೆ ಅದೇ ಆವರ್ತ.

ವರ್ಗಗಳ ಮೊತ್ತದ ಸಾಲು ಅಪವರ್ತನವಿಲ್ಲದೆಯೂ ಬರೆಯಬಹುದಿತ್ತು. 8ರಿಂದ ಭಾಗಿಸಿದರೆ ಶೇಷ 7. ಅಂಥ ಸಂಖ್ಯೆ ಎರಡು ವರ್ಗಗಳ ಮೊತ್ತವೂ ಅಲ್ಲ, ಮೂರರದ್ದೂ ಅಲ್ಲ, ನಾಲ್ಕೇ ಬೇಕು. ಚಿಕ್ಕ ಅಪವರ್ತನ ಮಾತ್ರ ಎರಡು ವರ್ಗಗಳ ಮೊತ್ತವಾಗಿ ಒಡೆಯುತ್ತದೆ, ಏಕೆಂದರೆ ಅದನ್ನು 4ರಿಂದ ಭಾಗಿಸಿದರೆ ಶೇಷ 1.

ಕೊನೆಗೆ ಸೇರಿಸಿದ ಸಾಲು ಪರಿಪೂರ್ಣ ಸಂಖ್ಯೆಯದು. 2⁶⁷ − 1 ಅವಿಭಾಜ್ಯವಾಗಿದ್ದರೆ ಅದನ್ನು 2⁶⁶ರಿಂದ ಗುಣಿಸಿದಾಗ ಪರಿಪೂರ್ಣ ಸಂಖ್ಯೆ ಸಿಗುತ್ತಿತ್ತು: ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮ. ಈಗ ಆ ಗುಣಲಬ್ಧ ಅಧಿಕ ಸಂಖ್ಯೆ. ಹೆಚ್ಚಾಗಿರುವುದು ಎಷ್ಟು ಎಂದು ಬಿಡಿಸಿದರೆ, ನಮ್ಮ ಸಂಖ್ಯೆಯನ್ನು ಅದರ ಎರಡು ಅಪವರ್ತನಗಳ ಮೊತ್ತದಿಂದ, ಅಂದರೆ 762031965008ರಿಂದ, ಗುಣಿಸಿದಷ್ಟು. ಕೇಳಲು ಭಾರಿ, ಆದರೆ 2⁶⁶ರ ಮುಂದೆ ಆ ಮೊತ್ತ ಸುಮಾರು ಹತ್ತು ಕೋಟಿಯಲ್ಲಿ ಒಂದು ಪಾಲು.

ಇನ್ನುಳಿದ ಕೆಲಸ

ಮುಂದಿನ ಪರೀಕ್ಷೆಗೆ 2¹⁰¹ − 1 ಇಟ್ಟುಕೊಂಡಿದ್ದೇನೆ. ಅದು 7432339208719 × 341117531003194129. ಇಲ್ಲಿ 101ನ್ನು 4ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ 0, 3ರ ಜೋಡಿ ಕೆಲಸಕ್ಕೆ ಬರುತ್ತದೆ. ಆದರೆ ಕ ಎಂಬುದು 36793758459 ತಲುಪಬೇಕು, ಸೋಸಿದ ಮೇಲೂ 1,839 ಕೋಟಿ ಪ್ರಯತ್ನ. ಆ ದಾರಿ ಮುಚ್ಚಿತು. ರೋ ವಿಧಾನಕ್ಕೆ 27 ಲಕ್ಷ ಹೆಜ್ಜೆಯ ಅಂದಾಜು, ಪೈಥಾನ್ ಸ್ವಲ್ಪ ಗೊಣಗಿದರೂ ಮುಗಿಸುತ್ತದೆ. ಎರಡು ಅಪವರ್ತನಗಳೂ ಹದಿನೆಂಟು ಇಪ್ಪತ್ತು ಅಂಕಿ ಇರುವ ಸಂಖ್ಯೆ ಬಂದರೆ ರೋ ಕೂಡ ಕೈಚೆಲ್ಲುತ್ತದೆ, ಆಗ ಹೆಂಡ್ರಿಕ್ ಲೆನ್‌ಸ್ಟ್ರಾ 1987ರಲ್ಲಿ ಪ್ರಕಟಿಸಿದ ಎಲಿಪ್ಟಿಕ್ ಕರ್ವ್ ವಿಧಾನ ಜೋಡಿಸಬೇಕು. ಅದರ ಕೂಡುವ ಸೂತ್ರಗಳನ್ನು ಬರೆದಾಗಿದೆ, ಮಿತಿಗಳ ಕೋಷ್ಟಕ ಇನ್ನೂ ಬಾಕಿ.